ಶಹಜಾದಿ ತಿರುಗಿಸಿದ ಹಡಗು

ಹರಿಹರದ ಶಹಜಾದಿಯ ಮುಂದೆ ಯಾರನ್ನು ಬೇಕಾದರೂ ಬೈಯಬಹುದು. ಸರ್ಕಾರವನ್ನು ಬೈಯಿರಿ, ಸೆಕೆಯನ್ನು ಬೈಯಿರಿ, ಆಕೆಯ ಗಂಡ ಮಕ್ತುಮ್ ಸಾಬನನ್ನು ಬೈದರಂತೂ ಕೂರಿಸಿ ಚಹಾ ಕೊಟ್ಟು, ನಿಮಗೆ ಗೊತ್ತಿಲ್ಲದ ಎರಡು ಸಂಗತಿ ತಾನೇ ಸೇರಿಸುತ್ತಾಳೆ. ಆದರೆ 'ಆಖ್ರೀ ಜಹಾಜ್', ಅಂದರೆ ಕೊನೆಯ ಹಡಗು, ಎಂಬ ಟಿವಿ ಧಾರಾವಾಹಿಯ ಬಗ್ಗೆ ಮಾತ್ರ ಆಕೆಯ ಎದುರು ನಾಲಿಗೆ ಹರಿಬಿಡುವ ಹಾಗಿಲ್ಲ. ಬಿಟ್ಟವರ ಗತಿ ಏನಾಯಿತು ಎಂಬುದು ಇಡೀ ಓಣಿಗೇ ಗೊತ್ತು. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ಗೇಣುದ್ದದ ದಬ್ಬಣ, ಗಾದಿ ಹೊಲಿಯುತ್ತ ಕೂತ ಐವತ್ತೊಂಬತ್ತರ ಹೆಂಗಸು ಒಂದು ಮಾತಿಗೆ ಹತ್ತು ಮಾತು ತಿರುಗಿ ಕೊಟ್ಟು, ಕೊನೆಗೆ ಬೈದವನ ಬಾಯಿಂದಲೇ ಚಲೋ ಐತೆ ಅನ್ನಿಸಿ ಕಳಿಸುತ್ತಾಳೆ.

ಧಾರಾವಾಹಿ ಯಾವುದೋ ದೂರದ ದೇಶದ್ದು. ನಮ್ಮಲ್ಲಿಗೆ ಬಂದದ್ದು ಹಿಂದಿಯ ಬಾಯಿ ಹಚ್ಚಿಕೊಂಡು. ಕತೆ ಇಷ್ಟೇ: ಭೂಮಿ ಬದುಕಲು ಬಾರದ ಹಾಗಾಗಿದೆ. ಉಳಿದ ಜನ ಒಂದು ದೊಡ್ಡ ಹಡಗು ಹತ್ತಿ ಆಕಾಶದಲ್ಲಿ ನೆಲೆ ಹುಡುಕುತ್ತ ಹೊರಟಿದ್ದಾರೆ. ವಾರಕ್ಕೊಂದು ಲೋಕ, ಲೋಕಕ್ಕೊಂದು ತಾಪತ್ರಯ. ದಾರಿಯಲ್ಲಿ ಸಿಕ್ಕವರೂ ಹತ್ತಿಕೊಳ್ಳುತ್ತಾರೆ: ಮೂರು ಕಣ್ಣಿನವರು, ಬಾಯಿಲ್ಲದವರು, ನೀರಿನಲ್ಲಷ್ಟೇ ಉಸಿರಾಡುವವರು. ಮೂವತ್ತು ವರ್ಷವಾಯಿತು, ಇನ್ನೂ ನೆಲೆ ಸಿಕ್ಕಿಲ್ಲ. ಐದು ಹಡಗು ಬದಲಾದವು, ಆರು ಕಪ್ತಾನರು ಬಂದು ಹೋದರು, ಸತ್ತವರು ಕೆಲವರು ಎದ್ದೂ ಬಂದರು. ಹೀಗಾಗಿ ನಗುವವರಿಗೆ ಯಾವತ್ತೂ ಬರವಿರಲಿಲ್ಲ, ಶಹಜಾದಿಗೆ ಕೆಲಸವೂ ತಪ್ಪಲಿಲ್ಲ.

ಆಕೆ ಹುಟ್ಟಿದ್ದು ಲೋಕಿಕೆರೆಯಲ್ಲಿ. ತಂದೆ ಮೊಹರಮ್ಮಿನಲ್ಲಿ ಕರ್ಬಲಾದ ದುಃಖದ ರಿವಾಯತ್ ಪದ ಹೇಳುವ ಮೇಳದ ಮುಂದಾಳು. ಅವರು ಪದ ಎತ್ತಿದರೆ ಹಿಂದೂ ಮುಸ್ಲಿಂ ಎನ್ನದೆ ಕಟ್ಟೆಯ ಮೇಲೆ ಕೂತವರೆಲ್ಲ ಸೆರಗು, ಟವೆಲ್ಲು ಹುಡುಕುತ್ತಿದ್ದರಂತೆ. ಆದರೆ ಅವರದೊಂದು ಕಟ್ಟುನಿಟ್ಟಿತ್ತು. ಜನರನ್ನು ಅಳಿಸಿದ ಮೇಲೆ ಒಬ್ಬೊಬ್ಬರಿಗೂ ಶರಬತ್ತು ಕೊಟ್ಟು ಕುಡಿಸಿಯೇ ಕಳಿಸಬೇಕು, ಅಳುತ್ತ ಯಾರೂ ಮನೆಗೆ ಹೋಗಬಾರದು. ಮಗಳು ಇದನ್ನು ನೋಡಿಕೊಂಡೇ ಬೆಳೆದಳು. ದಾವಣಗೆರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿ, ಹದಿನೆಂಟಕ್ಕೆ ಮಕ್ತುಮ್ ಸಾಬನ ಕೈ ಹಿಡಿದು ಹರಿಹರಕ್ಕೆ ಬಂದಳು. ಹತ್ತಿ ಹಿಂಜಿ ಗಾದಿ ಮಾಡುವ ಮನೆತನ. ಹಿಂದಿನ ಕೋಣೆಯಲ್ಲಿ ಹಿಂಜುವ ಯಂತ್ರ, ಮುಂದಿನ ಕೋಣೆಯಲ್ಲಿ ಹೊಲಿಗೆ. ಹತ್ತಿಯ ಧೂಳು ಕೂತು ಮನೆಯಲ್ಲಿ ಎಲ್ಲರ ಹುಬ್ಬೂ ಚಿಕ್ಕ ವಯಸ್ಸಿಗೇ ಬೆಳ್ಳಗೆ.

ತೊಂಬತ್ತೈದರಲ್ಲಿ ಮುಂದಿನ ಕೋಣೆಗೆ ಟಿವಿ ಬಂತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜಹಾಜ್. ಹೊಲಿಗೆಗೆ ಬರುವ ಇಬ್ಬರು ಹೆಂಗಸರು, ಓಣಿಯ ಮಕ್ಕಳು, ಪಕ್ಕದ ಮನೆಯ ಅಂಜಿನವ್ವ, ಎಲ್ಲರೂ ಅರ್ಧ ಹೊಲಿದ ಗಾದಿಗಳ ಮೇಲೆ ಕೂತು ನೋಡುವುದು. ಅಂಜಿನವ್ವನ ಗಂಡ ಗೋಣೆಪ್ಪನ ಹೊಲ ಇದ್ದದ್ದು ಕೊಕ್ಕನೂರಿನಲ್ಲಿ. ಮಕ್ಕಳ ಓದಿಗೆ ಎಂದು ಹರಿಹರದಲ್ಲಿ ಮನೆ ಹಿಡಿದು, ತಾನು ದಿನಾ ಸೈಕಲ್ಲಿನಲ್ಲಿ ಹೊಲಕ್ಕೆ ಹೋಗಿ ಬರುತ್ತಿದ್ದ. ಮಕ್ಕಳು ಇಬ್ಬರು, ಯೋಗರಾಜ್ ಮತ್ತು ಅವನಿಗಿಂತ ನಾಲ್ಕು ವರ್ಷ ಸಣ್ಣವಳು ಲತಾ.

ತೊಂದರೆ ಒಂದೇ. ಹಡಗಿನವರು ಮಾತಾಡುವ ಹಿಂದಿ ಆ ಕೋಣೆಯಲ್ಲಿ ಪೂರ್ತಿ ತಿಳಿಯುತ್ತಿದ್ದದ್ದು ಶಹಜಾದಿಗೆ ಮಾತ್ರ, ಉರ್ದು ಓದಿದ್ದರ ಪುಣ್ಯ. ಕನ್ನಡದಲ್ಲಿ ಇಂಥದ್ದು ಬರುವ ಕಾಲವಲ್ಲ ಅದು. ಹಾಗಾಗಿ ಆಕೆ ಹೊಲಿಯುತ್ತಲೇ ಹೇಳತೊಡಗಿದಳು, ಎಲ್ಲರೂ ಕೇಳತೊಡಗಿದರು. ಮಾತಿಗೆ ಮಾತು ಜೋಡಿಸಿ ಹೇಳುವ ಜಾಯಮಾನ ಆಕೆಯದಲ್ಲ. ಕಪ್ತಾನ ಎರಡು ಮಾತು ಆಡಿದರೆ ಈಕೆಯ ಬಾಯಲ್ಲಿ ಅದು ಎಂಟಾಗುತ್ತಿತ್ತು. ಕಪ್ತಾನನ ಮನಸ್ಸಿನಲ್ಲಿ ಏನಿತ್ತು, ಅವನ ತಾಯಿ ಇದ್ದಿದ್ದರೆ ಏನನ್ನುತ್ತಿದ್ದಳು, ಎಲ್ಲ ಬರುತ್ತಿತ್ತು. ಹೀಗಾಗಿ ಆಕೆ ಯಾವಾಗಲೂ ಪರದೆಗಿಂತ ಒಂದು ದೃಶ್ಯ ಹಿಂದೆ. ಪರದೆಯ ಮೇಲೆ ಸಾಬೂನಿನ ಜಾಹೀರಾತು ಬಂದು ಯಾರೋ ಮೈ ತೊಳೆಯುತ್ತಿದ್ದರೆ ಈಕೆಯ ಬಾಯಲ್ಲಿ ಹಡಗು ಆಗಿನ್ನೂ ನೆಲಕ್ಕೆ ಇಳಿಯುತ್ತಿರುತ್ತಿತ್ತು. ಕಣ್ಣಿಗೆ ಒಂದು, ಕಿವಿಗೆ ಒಂದು. ಓಣಿಯವರಿಗೆ ಅದು ಎಷ್ಟು ರೂಢಿಯಾಯಿತೆಂದರೆ ಕಣ್ಣನ್ನು ನಂಬುವುದನ್ನೇ ಬಿಟ್ಟು ಕಿವಿಯನ್ನೇ ನಂಬಿದರು.

ಮೊದಲ ಟೀಕಾಕಾರ ಮನೆಯಲ್ಲೇ ಇದ್ದ. ರಬ್ಬರಿನ ಮುಖ ಹಾಕಿಕೊಂಡು ಕುಣಿಯುವುದನ್ನು ದೊಡ್ಡವರು ನೋಡುತ್ತಾರೇನು ಎಂದು ಮಕ್ತುಮ್ ಸಾಬ್ ಬೇಕೆಂದೇ ಹತ್ತು ಗಂಟೆಗೆ ಯಂತ್ರ ಶುರು ಮಾಡುತ್ತಿದ್ದ. ಆದರೆ ಬಿಳಿ ಮೀಸೆಯ ಮೊದಲ ಕಪ್ತಾನ ಸತ್ತ ಭಾನುವಾರ ಯಂತ್ರ ಸಂಜೆಯವರೆಗೂ ಮಾತಾಡಲಿಲ್ಲ. ಬೆಲ್ಟು ಹರಿದಿತ್ತು ಎಂದು ಇವತ್ತಿಗೂ ಹೇಳುತ್ತಾನೆ. ನಂಬುವವರು ಯಾರೂ ಇಲ್ಲ. ಆಮೇಲೆ ಮಗ ಇಮ್ರಾನ್ ದೊಡ್ಡವನಾಗಿ, ಕೈಗೆ ಮೊಬೈಲು ಬಂದು, ಅದರಲ್ಲಿ ಯಾರ್ಯಾರೋ ಜಹಾಜನ್ನು ಬೈಯುವುದನ್ನು ತಂದು ತೋರಿಸುತ್ತಿದ್ದ. ಹೊಸ ಕಪ್ತಾನ ಹೆಂಗಸಂತೆ, ಕಪ್ಪಂತೆ, ಕುಳ್ಳಂತೆ, ಹಡಗೇ ಕೆಟ್ಟುಹೋಯಿತಂತೆ. ಹೆಂಗಸು ನಡೆಸಿದರೆ ಕೆಡುವುದಾದರೆ ಈ ಅಂಗಡಿ ಎಂದೋ ಕೆಡಬೇಕಿತ್ತು, ಇದನ್ನು ಯಾರು ನಡೆಸುತ್ತಾರೆ ಎಂದು ನಿಮ್ಮಪ್ಪನನ್ನೇ ಕೇಳು ಎಂದು ಶಹಜಾದಿ ಅವನ ಬಾಯಿ ಮುಚ್ಚಿಸಿದಳು. ಒಳಗೆ ಯಂತ್ರದ ಸದ್ದು ಸ್ವಲ್ಪ ಜೋರಾಯಿತು, ಅಷ್ಟೇ.

ಇಷ್ಟು ಗಟ್ಟಿ ಬಾಯಿಯ ಹೆಂಗಸಿಗೂ ಒಂದು ಅಳುಕಿತ್ತು. ಆ ಅಳುಕಿಗೆ ಇಪ್ಪತ್ತೆಂಟು ವರ್ಷ.

ತೊಂಬತ್ತೇಳರ ಮಳೆಗಾಲದಲ್ಲಿ ಲತಾಳಿಗೆ ಜ್ವರ ಬಂತು. ಐದು ವರ್ಷದ ಕೂಸು. ಆಸ್ಪತ್ರೆಯಲ್ಲಿ ಮೂರು ದಿನ ಅಂಜಿನವ್ವ ಮಂಚ ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಕೂಸು ಕಣ್ಣು ಬಿಟ್ಟು ಗಂಜಿ ಬೇಕು ಎಂದಿತು. ಜ್ವರ ಇಳಿಯಿತು ಎಂದುಕೊಂಡು ಅಂಜಿನವ್ವ ಗಂಜಿ ಕಾಯಿಸಿ ತರಲು ಮನೆಗೆ ಓಡಿದಳು. ವಾಪಸು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಆಕೆ ಅಳಲಿಲ್ಲ, ಉಣ್ಣಲಿಲ್ಲ. ಬಿಟ್ಟು ಬಂದೆ, ಒಂದನ್ನೇ ಬಿಟ್ಟು ಬಂದೆ, ಇದೊಂದೇ ಮಾತು. ಯಾರು ಎಷ್ಟು ಹೇಳಿದರೂ ಒಂದು ಲೋಟ ಚಹಾದ ಮೇಲೆ ಹೊಟ್ಟೆಗೆ ಏನೂ ಇಳಿಯುತ್ತಿರಲಿಲ್ಲ. ಶಹಜಾದಿ ಭಾನುವಾರಗಳಲ್ಲಿ ಕೈ ಹಿಡಿದು ಕರೆತಂದು ಗಾದಿಯ ಮೇಲೆ ಕೂರಿಸುತ್ತಿದ್ದಳು, ನಾಲ್ಕು ಜನರ ನಡುವೆ ಇರಲಿ ಎಂದು. ಆಕೆ ಕೂರುತ್ತಿದ್ದಳು, ಅಷ್ಟೇ.

ಅಂಥ ಒಂದು ಭಾನುವಾರ ಹಡಗಿನಲ್ಲಿ ಇದು ನಡೆಯಿತು. ಹಡಗಿನ ಯಂತ್ರಗಳನ್ನು ನೋಡಿಕೊಳ್ಳುವ ಒಬ್ಬ ಮುದುಕ, ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಯಾವುದೋ ಬರಡು ಲೋಕದಲ್ಲಿ ಕೆಟ್ಟ ದೀಪಸ್ತಂಭ ಸರಿಮಾಡಲು ಒಬ್ಬನೇ ಇಳಿಯುತ್ತಾನೆ. ಬಿರುಗಾಳಿ ಏಳುತ್ತದೆ. ಹಡಗಿನಲ್ಲಿರುವ ಸಾವಿರಾರು ಜನರನ್ನು ಉಳಿಸಬೇಕಾದ ಕಪ್ತಾನ ಬಾಗಿಲು ಮುಚ್ಚಿಸಿ ಹೊರಟುಬಿಡುತ್ತಾನೆ. ಉಸ್ತಾದ ಸರಿಮಾಡಿದ ದೀಪ ಕೆಳಗೆ ಒಂದೇ ಉರಿಯುತ್ತಿರುತ್ತದೆ, ಹಡಗು ದೂರ ದೂರ ಹೋಗುತ್ತದೆ. ಮುಗಿಯಿತು.

ಶಹಜಾದಿ ಎಂದಿನಂತೆ ಒಂದು ದೃಶ್ಯ ಹಿಂದಿದ್ದಳು. ಆಕೆಯ ಬಾಯಲ್ಲಿ ಉಸ್ತಾದ ಇನ್ನೂ ದೀಪಸ್ತಂಭ ಹತ್ತುತ್ತಿದ್ದ. ಪರದೆಯ ಮೇಲೆ ಕಪ್ತಾನ ಬಾಗಿಲು ಮುಚ್ಚಿಸಿದ್ದನ್ನು ಕಂಡವಳೇ ಪಕ್ಕಕ್ಕೆ ತಿರುಗಿದಳು. ಅಂಜಿನವ್ವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಹಡಗು ಹೋಗಿಯೇ ಹೋಯಿತು, ಸಾಬೂನಿನ ಜಾಹೀರಾತು ಬಂತು. ಶಹಜಾದಿಗೆ ಇದ್ದದ್ದು ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ಆಕೆ ಹಡಗನ್ನು ತಿರುಗಿಸಿದಳು. ಕಪ್ತಾನ ಬಾಗಿಲ ಬಳಿ ನಿಂತು ಅತ್ತುಬಿಟ್ಟ ಎಂದಳು, ಒಬ್ಬನನ್ನು ಬಿಟ್ಟು ಹೋಗುವ ಹಡಗು ನನಗೆ ಬೇಡ ಎಂದ ಎಂದಳು, ಬಿರುಗಾಳಿಯ ಒಳಗೇ ಹಡಗು ಇಳಿಯಿತು, ಉಸ್ತಾದ ದೀಪ ಹಿಡಿದು ನಿಂತಿದ್ದ, ಬಿಟ್ಟು ಹೋದಿರಿ ಎಂದು ಒಂದು ಮಾತೂ ಆಡಲಿಲ್ಲ, ಬರುತ್ತೀರಿ ಅಂತ ಗೊತ್ತಿತ್ತು ಎಂದ. ಇಷ್ಟನ್ನೂ ಸಾಬೂನು ಮುಗಿದು, ಟೂತ್‌ಪೇಸ್ಟೂ ಮುಗಿದು, ವಾರ್ತೆ ಶುರುವಾಗುವವರೆಗೆ ಎಳೆದು ಎಳೆದು ಹೇಳಿದಳು. ಅಂಜಿನವ್ವ ಎದ್ದು ಮನೆಗೆ ಹೋದಳು.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಮುಂದಿನ ವಾರ ಹಡಗಿನಲ್ಲಿ ಉಸ್ತಾದನಿಲ್ಲ. ಆಕೆ ಏನು ಮಾಡಬೇಕು? ವಯಸ್ಸಾಯಿತಲ್ಲ, ಕೆಳಗಿನ ಅಂತಸ್ತಿನಲ್ಲಿ ಯಂತ್ರ ನೋಡಿಕೊಂಡು ಅಲ್ಲೇ ಇರುತ್ತಾನೆ, ಮೇಲೆ ಬರುವುದಿಲ್ಲ ಎಂದಳು. ಅಂದಿನಿಂದ ಉಸ್ತಾದ ಕೆಳಗಿನ ಅಂತಸ್ತಿನಲ್ಲಿ ಇದ್ದೇ ಇದ್ದ. ಹಡಗು ಬದಲಾದಾಗ ಅವನ ಮಂಚವನ್ನೂ ಆಕೆ ಹೊಸ ಹಡಗಿಗೆ ಸಾಗಿಸಿದಳು. ಪ್ರತಿ ಭಾನುವಾರ ಅಂಜಿನವ್ವ ಕೇಳುವಳು, ಉಸ್ತಾದ ಹೇಗಿದ್ದಾನೆ ಎಂದು. ಮೊಣಕಾಲು ನೋವಂತೆ, ಶಹಜಾದಿ ಹೇಳುವಳು. ಗೋಣೆಪ್ಪ ತೀರಿಕೊಂಡು, ಅಂಜಿನವ್ವ ದಾವಣಗೆರೆಗೆ ಮಗನ ಮನೆಗೆ ಹೋದ ಮೇಲೆ ಈ ವಿಚಾರಣೆ ಫೋನಿನಲ್ಲಿ ನಡೆಯಿತು. ಎಪ್ಪತ್ತು ದಾಟಿದ ಹೆಂಗಸು ಅದನ್ನು ನಂಬಿ ಕೇಳುತ್ತಾಳೋ, ರೂಢಿಗೆ ಕೇಳುತ್ತಾಳೋ, ಶಹಜಾದಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ. ಒಂದು ವೇಳೆ ನಂಬಿದ್ದರೆ? ನಲವತ್ತು ವರ್ಷದ ಗೆಳತಿ, ನನ್ನ ಕೂಸಿನ ದುಃಖದಲ್ಲಿ ನನ್ನನ್ನು ಮಂಗ ಮಾಡಿದೆಯಲ್ಲ ಎಂದುಬಿಟ್ಟರೆ? ಅದಕ್ಕೆ ಹತ್ತು ಮಾತಿರಲಿ, ಒಂದು ಮಾತೂ ಶಹಜಾದಿಯ ಹತ್ತಿರ ಇರಲಿಲ್ಲ.

ಹೋದ ವರ್ಷ ಜಹಾಜ್ ಕನ್ನಡಕ್ಕೆ ಬಂತು. ಮೊದಲನೆಯ ಹಡಗಿನಿಂದ ಹಿಡಿದು ಎಲ್ಲ ಕಂತುಗಳೂ ಮೊಬೈಲಿನಲ್ಲಿ, ಸ್ವಚ್ಛ ಕನ್ನಡದಲ್ಲಿ. ಓಣಿಯವರು ಶಹಜಾದಿಗೆ ಸಿಹಿ ಸುದ್ದಿ ಎಂದು ಹೇಳಿದರೆ ಆಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದರ ಹಿಂದೆಯೇ ಯೋಗರಾಜನ ಹೆಂಡತಿ ಆಶಾ ಫೋನು ಮಾಡಿದಳು. ಯೋಗರಾಜ್ ಈಗ ದಾವಣಗೆರೆಯಲ್ಲಿ ಕಾಲೇಜು ಉಪನ್ಯಾಸಕ, ದೇವರಾಜ ಅರಸು ಬಡಾವಣೆಯಲ್ಲಿ ಸ್ವಂತ ಮನೆ. ಅಲ್ಲಿಯ ನಿವೃತ್ತರೆಲ್ಲ ಸೇರಿ ತಿಂಗಳಿಗೊಮ್ಮೆ ಭಾನುವಾರ ಒಂದು ವಿಚಾರಗೋಷ್ಠಿ ಮಾಡುತ್ತಾರಂತೆ, ಈ ಸಲ ಇವನದೇ ಮಾತಂತೆ, ವಿಷಯ ಜಹಾಜಂತೆ. ಮೊದಲನೆಯ ಹಡಗಿನಿಂದ ಎಲ್ಲ ನೋಡಿ ರಾಶಿ ಟಿಪ್ಪಣಿ ಮಾಡಿಕೊಂಡಿದ್ದಾನಂತೆ. ಅತ್ತೆ ಬರುತ್ತಾರೆ, ನೀವೂ ಬರಲೇಬೇಕಂತೆ.

ಹೋಗಬೇಡ, ಮೈ ಹುಷಾರಿಲ್ಲ ಅನ್ನು ಎಂದು ಮಕ್ತುಮ್ ಸಾಬ್ ಹೇಳಿಕೊಟ್ಟ. ಹೆದರಿ ಮನೆಯಲ್ಲಿ ಕೂರುವ ಹೆಂಗಸು ತಾನಲ್ಲ ಎಂದು ಶಹಜಾದಿ ಹೇಳಿದಳು, ಗಂಡನಿಗಿಂತ ತನಗೇ ಹೆಚ್ಚಾಗಿ. ಗೋಷ್ಠಿಗೆ ಮೊದಲೇ ಹೋಗಿ, ಅಂಜಿನವ್ವನನ್ನು ಒಂದು ಮೂಲೆಗೆ ಕರೆದು, ತಾನೇ ಬಾಯಿಬಿಟ್ಟು ಹೇಳಿಬಿಡಬೇಕು, ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ. ಒಂಬತ್ತರ ಬಸ್ಸು ಹತ್ತಿದಾಗ ಇದನ್ನೇ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಬಡಾವಣೆಯಲ್ಲಿ ಇಳಿದು ಕೇಳುತ್ತ ಕೇಳುತ್ತ ಗೋಷ್ಠಿಯ ಸಭಾಂಗಣ ಮುಟ್ಟುವ ಹೊತ್ತಿಗೆ ಎಲ್ಲರೂ ಕೂತಾಗಿತ್ತು. ಮುಂದಿನ ಸಾಲಿನಿಂದ ಅಂಜಿನವ್ವ ಕೈ ಎತ್ತಿ ಕರೆದಳು, ಪಕ್ಕದಲ್ಲಿ ಚೀಲ ಇಟ್ಟು ಕುರ್ಚಿ ಹಿಡಿದಿದ್ದಳು. ಶಹಜಾದಿ ಕೂತು, ಅಕ್ಕಾ, ಒಂದು ಮಾತು ಎನ್ನುವಷ್ಟರಲ್ಲಿ ಅಧ್ಯಕ್ಷ ವಾಮದೇವಪ್ಪನವರು ಮೈಕು ತಟ್ಟಿದರು. ನಿವೃತ್ತ ಇಂಜಿನಿಯರು, ಹೊತ್ತಿಗೆ ಸರಿಯಾಗಿ ಶುರು ಮಾಡುವ ಮನುಷ್ಯ. ಇಂಥವರಿಂದಲೇ ಕೆಲವೊಮ್ಮೆ ಕೆಲಸ ಕೆಡುವುದು.

ಯೋಗರಾಜ್ ಚೆನ್ನಾಗಿಯೇ ಮಾತಾಡಿದ. ಜನರನ್ನು ನಗಿಸಿದ. ಹಡಗಿನ ಗೋಡೆ ಯಾರಾದರೂ ಒರಗಿದರೆ ಅಲುಗುತ್ತದೆ, ಬಂಡೆಗಳು ಥರ್ಮೋಕೋಲಿನವು, ಗಾಳಿಯೇ ಇಲ್ಲದ ಆಕಾಶದಲ್ಲಿ ಸ್ಫೋಟದ ಸದ್ದು ಕೇಳುತ್ತದೆ. ಮೂವತ್ತು ವರ್ಷದಿಂದ ಅದೇ ಕತೆ, ಬಟ್ಟೆ ಮಾತ್ರ ಬೇರೆ. ಸತ್ತವರು ಎದ್ದು ಬರುತ್ತಾರೆ, ಯಾಕೆಂದರೆ ನಟನಿಗೆ ಬೇರೆ ಕೆಲಸ ಸಿಕ್ಕಿರುವುದಿಲ್ಲ. ಮೂರನೆಯ ಹಡಗಿಗೇ ಮುಗಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಶಹಜಾದಿ ಕೈ ಕಟ್ಟಿಕೊಂಡು ಕೂತಿದ್ದಳು. ಒಂದೊಂದು ಮಾತಿಗೂ ಉತ್ತರ ಗಂಟಲವರೆಗೆ ಬಂದು ನಿಲ್ಲುತ್ತಿತ್ತು.

ಕೊನೆಗೆ ಅವನು ಅಲ್ಲಿಗೇ ಬಂದ. ಇಂಥ ಧಾರಾವಾಹಿಗಳು ಜನರನ್ನು ಹೇಗೆ ಮರುಳು ಮಾಡುತ್ತವೆ ಎನ್ನುವುದಕ್ಕೆ ತನ್ನದೇ ಉದಾಹರಣೆ ಇದೆ ಎಂದ. ಚಿಕ್ಕಂದಿನಲ್ಲಿ ನಮ್ಮ ಓಣಿಯ ಚಾಚಿಯೊಬ್ಬರು ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದರು. ಬಿರುಗಾಳಿಯಲ್ಲಿ ಬಿಟ್ಟುಹೋದ ಮುದುಕನಿಗಾಗಿ ಹಡಗು ವಾಪಸು ಬರುವ ಕತೆ ನನ್ನ ಜೀವನದಲ್ಲೇ ಅತ್ಯಂತ ದೊಡ್ಡ ಕತೆಯಾಗಿತ್ತು. ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳಿದ್ದೇನೆ. ಹೋದ ತಿಂಗಳು ನೋಡಿದೆ. ಹಡಗು ವಾಪಸು ಬರುವುದೇ ಇಲ್ಲ. ಮುದುಕನನ್ನು ಬಿಟ್ಟು ಹೋಗುತ್ತದೆ, ಮತ್ತೆ ಮೂವತ್ತು ವರ್ಷ ಅವನ ಹೆಸರನ್ನೇ ಯಾರೂ ಎತ್ತುವುದಿಲ್ಲ. ನಾವು ಪ್ರೀತಿಸಿದ್ದು ಇಲ್ಲದೇ ಇದ್ದ ಧಾರಾವಾಹಿಯನ್ನು.

ಜನ ನಕ್ಕರು. ಯೋಗರಾಜನೂ ನಕ್ಕ, ಕುಹಕವೇನೂ ಇರಲಿಲ್ಲ, ನಿಜವಾಗಿ ನೊಂದವನ ನಗೆ ಅದು. ಶಹಜಾದಿ ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡುವುದು ಆಗಲಿಲ್ಲ. ಅಂಜಿನವ್ವನ ಕೈ ತನ್ನ ಕೈಯಿಂದ ಒಂದು ಗೇಣು ದೂರದಲ್ಲಿ ಅಲುಗದೆ ಇರುವುದು ಮಾತ್ರ ಕಂಡಿತು. ಇನ್ನು ಆಗುವುದೇನೂ ಉಳಿದಿಲ್ಲ ಎನಿಸಿದ ಕೂಡಲೇ ಹೆದರಿಕೆ ಇಳಿದು ಸಿಟ್ಟು ಏರಿತು. ಎದ್ದು ನಿಂತು ಮೈಕು ಕೇಳಿದಳು. ಪ್ರಶ್ನೋತ್ತರ ಆಮೇಲೆ ಎಂದು ವಾಮದೇವಪ್ಪನವರು ಹೇಳಲು ಹೋದರೆ, ಯೋಗರಾಜ್ ಆಗಲೇ ಕೆಳಗಿಳಿದು ಬಂದು ಮೈಕನ್ನು ಆಕೆಯ ಬಾಯಿಯ ಹತ್ತಿರ ಹಿಡಿದಿದ್ದ.

"ಗ್ವಾಡಿ ಅಲುಗತೈತೆ ಅಂದೆಲ್ಲಪ್ಪ," ಆಕೆ ಶುರು ಮಾಡಿದಳು. "ರೈಲು ಹೋದ್ರ ನಮ್ಮನಿ ಗ್ವಾಡೀನೂ ಅಲುಗತೈತೆ. ಅದರಾಗೇ ನೀನು ಆಡಿ ಬೆಳದೆ. ಒಳಗ ಇರೋರು ಹೆಂಗದಾರ ಅಂತ ನೋಡಬೇಕು, ಗ್ವಾಡಿ ಮುಟ್ಟಿ ಏನು ನೋಡ್ತಿ?"

ಹಿಂದಿನ ಸಾಲಿನಲ್ಲಿ ಯಾರೋ ಹೌದು ಹೌದು ಎಂದರು. ಶಹಜಾದಿಗೆ ಹುರುಪು ಬಂತು. ಅದೇ ಕತೆ ಎನ್ನುತ್ತೀರಲ್ಲ, ನಮ್ಮ ಕಸುಬು ಗೊತ್ತಿಲ್ಲದವರ ಮಾತು ಅದು ಎಂದಳು. ನಾಲ್ಕು ವರ್ಷ ಮಲಗಿದ ಗಾದಿಯ ಹತ್ತಿ ಗಂಟು ಕಟ್ಟುತ್ತದೆ. ಹತ್ತಿ ಕೆಟ್ಟಿತು ಎಂದು ಯಾರಾದರೂ ಹೊಳೆಗೆ ಎಸೆಯುತ್ತಾರೇನು? ಹೊಲಿಗೆ ಬಿಚ್ಚಿ, ಅದೇ ಹತ್ತಿಯನ್ನು ಹಿಂಜಿ, ಸಾಲದ್ದಕ್ಕೆ ಒಂದು ಮುಷ್ಟಿ ಹೊಸದು ಸೇರಿಸಿ, ಹೊಸ ಬಟ್ಟೆಗೆ ತುಂಬುತ್ತಾರೆ. ಅಜ್ಜಿಯ ಗಾದಿಯ ಹತ್ತಿ ಮೊಮ್ಮಗಳ ಗಾದಿಯಲ್ಲಿ ಇರುತ್ತದೆ, ಅವಳು ನಿದ್ದೆ ಮಾಡುವುದಿಲ್ಲವೇ? ಆ ಹಡಗಿನವರು ಮಾಡುವುದೂ ಅದನ್ನೇ. ಹೊಸ ಹುಡುಗಿಯನ್ನು ಕಪ್ತಾನ ಮಾಡಿದರು, ಅದು ಒಂದು ಮುಷ್ಟಿ ಹೊಸ ಹತ್ತಿ. ಮೂಗು ಮುರಿಯುವವರು ನೆಲದ ಮೇಲೆ ಮಲಗಲಿ. ಸದ್ದಿನ ವಿಚಾರ ನನಗೆ ಗೊತ್ತಿಲ್ಲ, ಅದು ನೀವು ಓದಿದವರ ವಿಚಾರ. ನನಗೆ ಗೊತ್ತಿರುವುದು ಇಷ್ಟೇ, ಮೂರು ಕಣ್ಣಿನವನೂ ಎರಡು ಕಣ್ಣಿನವನೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನಾನು ಆ ಹಡಗಿನಲ್ಲಿ ನೋಡಿದೆ, ನಮ್ಮಲ್ಲಿ ಇನ್ನೂ ನೋಡಬೇಕಾಗಿದೆ.

ಈ ಸಲ ಯಾರೂ ನಗಲಿಲ್ಲ. ಆಕೆ ಉಸಿರು ತೆಗೆದುಕೊಂಡಳು. ಉಳಿದದ್ದನ್ನು ಹೇಳದೆ ಕೂರಬಹುದಿತ್ತು. ಕೂರಲಿಲ್ಲ.

"ಹಡಗು ವಾಪಸ್ ಬರಲಿಲ್ಲ. ನಿಜ ಐತೆ. ಬಿಟ್ಟು ಹೋದ್ರು ಅವರು, ತಪ್ಪು ಮಾಡಿದ್ರು. ನಾನು ತಿರುಗಿಸಿದೆ. ಮುಗಿಸಿಬಿಡ್ರಿ ಅಂತೀಯಲ್ಲ ಯೋಗ, ಇವತ್ತು ಮುಗಿಸಿದ್ರ ಆ ಮುದುಕ ಅಲ್ಲೇ ಉಳದ. ನಡೀತಾ ಇದ್ರ ಇವತ್ತಲ್ಲ ನಾಳೆ ಯಾವಳೋ ಒಬ್ಬಾಕಿ ಕಪ್ತಾನಳಿಗೆ ನೆನಪಾಗಿ ವಾಪಸ್ ಹೋದಾಳು. ಅದಕ್ಕ ನಡೀಬೇಕು ಅಂತೀನಿ ನಾನು."

ಯೋಗರಾಜ್ ಮೈಕನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಅವನ ದನಿಯಲ್ಲಿ ಉಪನ್ಯಾಸಕ ಉಳಿದಿರಲಿಲ್ಲ.

"ಯಾಕ ತಿರುಗಿಸಿದ್ರಿ ಚಾಚಿ? ಇದ್ದದ್ದು ಇದ್ದಂಗೆ ಹೇಳಬಹುದಿತ್ತಲ್ಲ."

ಇಡೀ ಸಭೆ ಆಕೆಯನ್ನೇ ನೋಡುತ್ತಿತ್ತು. ಕಾರಣ ಹೇಳಿದ್ದರೆ ಆ ಕ್ಷಣವೇ ಗೆದ್ದುಬಿಡುತ್ತಿದ್ದಳು. ಆದರೆ ಕಾರಣ ಆಕೆಯದಲ್ಲ, ಅದು ಪಕ್ಕದ ಕುರ್ಚಿಯಲ್ಲಿ ಕೂತವಳದು. ಇನ್ನೊಬ್ಬರ ಮನೆಯ ಸತ್ತ ಕೂಸನ್ನು ತಂದು ನಾಲ್ಕು ಜನರ ಮುಂದೆ ಇಟ್ಟು ತನ್ನ ಮರ್ಯಾದೆ ಉಳಿಸಿಕೊಳ್ಳುವ ಹೆಂಗಸು ಶಹಜಾದಿ ಅಲ್ಲ. ಹೇಳಬೇಕು ಅನ್ನಿಸಿತು, ಹೇಳಿದೆ ಎಂದಷ್ಟೇ ಅಂದು ಕೂತಳು. ಸೋತ ಹಾಗೆ ಕಂಡಿತು. ಕಂಡರೆ ಕಾಣಲಿ.

ಆಗ ಅಂಜಿನವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು, ಕುರ್ಚಿಯ ಬೆನ್ನು ಹಿಡಿದು, ನಿಧಾನಕ್ಕೆ. ಮಗ ಮೈಕು ಹಿಡಿಯಲು ಬಂದರೆ ಬೇಡವೆಂದು ಸರಿಸಿದಳು. ಆದರೂ ಆಕೆಯ ಮಾತು ಹಿಂದಿನ ಬಾಗಿಲವರೆಗೂ ಕೇಳಿಸಿತು.

"ನನ್ನ ಕೇಳು, ನಾನು ಹೇಳ್ತೀನಿ. ನಿನ್ನ ತಂಗೀನ ಮಣ್ಣು ಮಾಡಿ ಹದಿನೇಳು ದಿನ ಆಗಿತ್ತು ಅವತ್ತು. ಹದಿನೇಳು ದಿನ ನಾನು ಒಲಿ ಹಚ್ಚಿರಲಿಲ್ಲ. ನಿಮ್ಮಪ್ಪ ಕುದಿಸಿದ ಅರ್ಧ ಬೆಂದ ಅನ್ನ ತಿಂದು ಸಾಲಿಗೆ ಹೋಗ್ತಿದ್ದೆ ನೀನು. ನಾನೊಬ್ಬಾಕಿ ಬದುಕಿ ಏನು ಮಾಡಬೇಕು ಅಂತ ಕುಂತಿದ್ದೆ, ಎದುರಿಗೆ ನೀನಿದ್ದೆ, ನೀನೂ ಕಾಣ್ತಿರಲಿಲ್ಲ ನನಗ. ಹಡಗು ಹೋಗೋ ಮುಂದ ನಾನು ಕಣ್ಣು ಮುಚ್ಚಿಕೊಂಡೆ. ಬಂತೋ ಬಿಡ್ತೋ ನಾನು ನೋಡಲಿಲ್ಲ. ಈಕಿ ಬಾಯಿಂದ ಕೇಳಿದೆ. ಬಿಟ್ಟು ಹೋದ್ರಿ ಅಂತ ಆ ಮುದುಕ ಒಂದು ಮಾತೂ ಅನ್ನಲಿಲ್ಲ ಅಂತ ಈಕಿ ಹೇಳಿದ್ಲು ನೋಡು, ಅದನ್ನ ಕೇಳಿದ ಮ್ಯಾಲೆ ನಾನು ಎದ್ದು ಮನೀಗೆ ಹೋದೆ. ಹೋಗಿ ಏನು ಮಾಡಿದೆ ಅಂತ ನಿನಗ ನೆನಪೈತೇನು?"

ಯೋಗರಾಜ್ ತಲೆಯಾಡಿಸಿದ. ನೆನಪಿತ್ತು.

"ಹೇಳು. ಇಷ್ಟೊತ್ತು ಎಲ್ಲಾ ಹೇಳಿದೆಲ್ಲ, ಇದನ್ನೂ ಹೇಳು."

"ರೊಟ್ಟಿ ಬಡಿದೆ ನೀನು," ಅವನೆಂದ.

"ನೀನು ಎಷ್ಟು ತಿಂದೆ?"

ಮೂವತ್ತೇಳು ವರ್ಷದ ಉಪನ್ಯಾಸಕ, ತನ್ನ ಟಿಪ್ಪಣಿಯ ಹಾಳೆಗಳನ್ನು ಎದೆಗೆ ಒತ್ತಿ ಹಿಡಿದು, ತಾಯಿಯ ಎದುರು ನಿಂತಿದ್ದ.

"ಐದು," ಎಂದ. ಮೈಕು ಇನ್ನೂ ಅವನ ಕೈಯಲ್ಲೇ ಇದ್ದುದರಿಂದ ಅದು ಎಲ್ಲರಿಗೂ ಕೇಳಿಸಿತು.